ಐದಕ್ಕೆ ಏಳುವವರ ಸಂಜೆ

— ಮೇಡಂ, ಬೆಳಿಗ್ಗೆ ಐದಕ್ಕೆ ಏಳಬೇಕು ಅಂತ ಹೇಳದವರೇ ಇಲ್ಲ. ಮನೆಯ ಹಿರಿಯರು ಹೇಳುತ್ತಾರೆ, ಯೋಗ ಕಲಿಸುವವರು ಹೇಳುತ್ತಾರೆ, ರ‍್ಯಾಂಕ್ ಬಂದ ಮಕ್ಕಳ ಸಂದರ್ಶನದಲ್ಲೂ ಅದೇ ಮಾತು. ಜನ ಪ್ರಯತ್ನ ಮಾಡದೆ ಇಲ್ಲ. ಅಲಾರಾಂ ಇಡುತ್ತಾರೆ, ಎರಡು ಮೂರು ದಿನ ಎದ್ದೂ ಏಳುತ್ತಾರೆ, ಆಮೇಲೊಂದು ದಿನ ಅದರ ಬಾಯಿ ಮುಚ್ಚಿಸಿ ಮಗ್ಗುಲು ಬದಲಿಸುತ್ತಾರೆ. ಅಲ್ಲಿಂದ ಮುಂದೆ ತಮ್ಮನ್ನು ತಾವೇ ಸೋಮಾರಿ ಅಂತ ಬೈದುಕೊಳ್ಳುವುದು. ಮನಸ್ಸು ಗಟ್ಟಿ ಇಲ್ಲದಿರುವುದೇ ಇದಕ್ಕೆಲ್ಲ ಕಾರಣ ಅಲ್ಲವೆ?

— ಖಂಡಿತ ಅಲ್ಲ. ಮನಸ್ಸು ಎಷ್ಟೇ ಗಟ್ಟಿಯಿದ್ದರೂ ಆ ದಾರಿಯಲ್ಲಿ ಹೋದವರು ಸೋಲುತ್ತಾರೆ. ಏಳುವ ಹೊತ್ತು ತೀರ್ಮಾನವಾಗುವುದು ಹಿಂದಿನ ದಿನದ ಸಂಜೆ. ಅಲಾರಾಂ ಬಡಿದುಕೊಳ್ಳುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಇದನ್ನು ಇನ್ನೂ ಒಂದು ಹೆಜ್ಜೆ ಮುಂದೆ ಒಯ್ದು ಹೇಳುತ್ತೇನೆ: ಬೇಗ ಏಳುವುದು ಒಬ್ಬೊಬ್ಬರ ಛಲದ ವಿಷಯವೇ ಅಲ್ಲ, ಇಡೀ ಮನೆಯ ಏರ್ಪಾಡಿನ ವಿಷಯ. ನಡುಮನೆಯ ದೀಪ ಯಾವಾಗ ಕಡಿಮೆಯಾಗುತ್ತದೆ, ಊಟ ಎಷ್ಟಕ್ಕೆ ಮುಗಿಯುತ್ತದೆ, ಪಾತ್ರೆ ತೊಳೆಯುವವರು ಯಾರು, ಕಚೇರಿಯ ಕೊನೆಯ ಕರೆ ಎಷ್ಟಕ್ಕೆ, ಇವೆಲ್ಲ ಇದ್ದ ಹಾಗೇ ಇದ್ದು ಒಬ್ಬರು ಮಾತ್ರ ಐದಕ್ಕೆ ಏಳಲು ಹೊರಟರೆ ಅವರಿಗೆ ಸಿಗುವುದು ಕಡಿಮೆ ನಿದ್ದೆ, ಅಷ್ಟೆ. ಅದನ್ನು ಬೇಗ ಏಳುವ ಅಭ್ಯಾಸ ಅಂತ ನಾನು ಕರೆಯುವುದಿಲ್ಲ. ಮಲಗುವ ಹೊತ್ತೂ ಏಳುವ ಹೊತ್ತೂ ಎರಡೂ ಕೂಡಿ ಸರಿದಾಗ ಮಾತ್ರ ಅದು ಅಭ್ಯಾಸ.

— ದೇಹದೊಳಗೆ ಒಂದು ಗಡಿಯಾರ ಇದೆ ಅಂತ ಹೇಳುತ್ತಾರಲ್ಲ, ಅದು ನಿಜಕ್ಕೂ ಇರುವ ವಸ್ತುವೋ, ರೂಢಿಗೆ ಇಟ್ಟ ಇನ್ನೊಂದು ಹೆಸರೋ?

— ನಿಜಕ್ಕೂ ಇದೆ, ಎಲ್ಲಿದೆ ಎಂದೂ ಗೊತ್ತು. 1729ರಲ್ಲಿ ಫ್ರಾನ್ಸಿನ ಖಗೋಳಜ್ಞ ದ ಮೆರಾನ್, ಮುಟ್ಟಿದರೆ ಮುನಿಯ ಜಾತಿಯ ಒಂದು ಗಿಡವನ್ನು ಕತ್ತಲಲ್ಲಿಟ್ಟು ಗಮನಿಸಿದ. ಬಿಸಿಲನ್ನೇ ಕಾಣದಿದ್ದರೂ ಅದು ಹಗಲಿನಲ್ಲಿ ಎಲೆ ಬಿಚ್ಚಿತು, ರಾತ್ರಿ ಮುದುಡಿತು. ಸೂರ್ಯ ಹೇಳದೆಯೂ ಅದಕ್ಕೆ ಹೊತ್ತು ತಿಳಿಯುತ್ತಿತ್ತು. ಮನುಷ್ಯರಿಗೂ ತಿಳಿಯುತ್ತದೆಯೇ ಅನ್ನುವುದಕ್ಕೆ 1962ರಲ್ಲಿ ಮಿಷೆಲ್ ಸಿಫ್ರ್ ಎಂಬ ಯುವ ಭೂವಿಜ್ಞಾನಿ ಆಲ್ಪ್ಸ್ ಪರ್ವತದ ಗುಹೆಯೊಂದರಲ್ಲಿ ಕೈಗಡಿಯಾರ ಇಲ್ಲದೆ ಎರಡು ತಿಂಗಳು ಇದ್ದ. ಸೆಪ್ಟೆಂಬರ್ 14ರಂದು ಅವನನ್ನು ಹೊರಗೆ ಕರೆದಾಗ ಅವನ ಲೆಕ್ಕದಲ್ಲಿ ಅದು ಇನ್ನೂ ಆಗಸ್ಟ್ 20. ಮನಸ್ಸಿನ ಲೆಕ್ಕ ಅಷ್ಟು ತಪ್ಪಿತ್ತು. ದೇಹ ಮಾತ್ರ ಹೆಚ್ಚುಕಡಿಮೆ ಇಪ್ಪತ್ತನಾಲ್ಕೂವರೆ ತಾಸಿಗೊಮ್ಮೆ ಮಲಗಿ ಎದ್ದು ಮಾಡಿತ್ತು. ನಮ್ಮಲ್ಲಿ ಎಂ.ಕೆ. ಚಂದ್ರಶೇಖರನ್ ಅವರು ಮಧುರೆಯಲ್ಲಿದ್ದಾಗ ಗುಹೆಯ ಬಾವಲಿಗಳನ್ನು ಇಟ್ಟುಕೊಂಡು ಇದೇ ಪ್ರಶ್ನೆಯನ್ನು ಕೆದಕಿದರು, ಆಮೇಲೆ ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವಿಜ್ಞಾನ ಸಂಶೋಧನಾ ಕೇಂದ್ರಕ್ಕೆ ಬಂದು ಈ ಅಧ್ಯಯನವನ್ನು ಬೆಳೆಸಿದರು. ಗಡಿಯಾರದ ಒಳಯಂತ್ರವನ್ನು ಹಣ್ಣುನೊಣದ ಜೀವಕೋಶದಲ್ಲಿ ಬಿಡಿಸಿ ತೋರಿಸಿದ ಹಾಲ್, ರೊಸ್ಬಾಷ್, ಯಂಗ್ ಎಂಬ ಮೂವರಿಗೆ 2017ರ ನೊಬೆಲ್ ಬಂತು. ನಮ್ಮ ತಲೆಯಲ್ಲಿ ಅದು ಎರಡು ಕಣ್ಣುಗಳ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ ಕೂತಿದೆ, ಸುಮಾರು 20,000 ನರಕೋಶಗಳ ಒಂದು ಸಣ್ಣ ಗುಂಪಾಗಿ.

ಈಗ ಮುಖ್ಯವಾದ ಸಂಗತಿ. ಹಾರ್ವರ್ಡ್‌ನ ಚಾರ್ಲ್ಸ್ ಜೈಸ್ಲರ್ ತಂಡ 1999ರಲ್ಲಿ ಬಹಳ ಎಚ್ಚರದಿಂದ ಅಳೆದು, ಮನುಷ್ಯನ ಈ ಗಡಿಯಾರದ ಒಂದು ಸುತ್ತು ಸರಾಸರಿ 24 ಗಂಟೆ 11 ನಿಮಿಷ ಎಂದು ತೋರಿಸಿತು. ಹನ್ನೊಂದು ನಿಮಿಷ ಸಣ್ಣದಾಗಿ ಕಾಣುತ್ತದೆ, ಆದರೆ ಬಹಳಷ್ಟು ಜನರ ದೇಹ ತನ್ನಷ್ಟಕ್ಕೆ ಬಿಟ್ಟರೆ ದಿನಕ್ಕಷ್ಟು ತಡವಾಗುತ್ತಲೇ ಹೋಗುತ್ತದೆ ಎಂದು ಇದರ ಅರ್ಥ. ಪ್ರತಿ ದಿನವೂ ಯಾವುದೋ ಒಂದು ಅದನ್ನು ಹಿಡಿದು ಸರಿಮಾಡಬೇಕು. ಆ ಕೆಲಸ ಮಾಡುವುದು ಬೆಳಕು. ಕಣ್ಣಿನ ಪರದೆಯಲ್ಲಿ ನೋಡುವ ಕೆಲಸಕ್ಕಿಂತ ಹೆಚ್ಚಾಗಿ ಹೊತ್ತು ತಿಳಿಯುವ ಕೆಲಸಕ್ಕೆಂದೇ ಇರುವ ಕೆಲವು ಕೋಶಗಳಿವೆ. ನೀಲಿ ಛಾಯೆಯ ಬೆಳಕಿಗೆ ಅವು ಹೆಚ್ಚು ಸ್ಪಂದಿಸುತ್ತವೆ, ನೇರವಾಗಿ ಆ ನರಕೋಶಗಳ ಗುಂಪಿಗೆ ಸುದ್ದಿ ಕೊಡುತ್ತವೆ. ದೃಷ್ಟಿ ಕಳೆದುಕೊಂಡವರಲ್ಲೂ ಕೆಲವರಿಗೆ ಇವು ಕೆಲಸ ಮಾಡುತ್ತಿರುತ್ತವೆ. ತಡವಾಗಿ ಮಲಗುವುದು ಎಲ್ಲರಿಗೂ ಸುಲಭ, ಬೇಗ ಮಲಗುವುದು ಕಷ್ಟ ಅನ್ನುವುದು ಚಾರಿತ್ರ್ಯದ ದೋಷವಲ್ಲ. ಗಡಿಯಾರ ವಾಲುವುದೇ ಆ ಕಡೆಗೆ. ಬೇಗ ಮಾಡಿಕೊಳ್ಳುವುದೆಂದರೆ ಹೊಳೆಗೆ ಎದುರಾಗಿ ಈಜುವುದು. ಬೆಳಕಿನ ಸಹಾಯ ಇಲ್ಲದೆ ಬರೀ ರಟ್ಟೆಬಲದಿಂದ ದಡ ಸೇರಲಾಗದು.

— ಹಾಗಿದ್ದರೆ ಉಪಾಯ ಸರಳವಾಯಿತಲ್ಲ. ರಾತ್ರಿ ಒಂಬತ್ತಕ್ಕೇ ದೀಪ ಆರಿಸಿ ಹಾಸಿಗೆ ಸೇರುವುದು.

— ಅದನ್ನೇ ಎಲ್ಲರೂ ಮಾಡುತ್ತಾರೆ, ಅಲ್ಲೇ ಕೆಡುತ್ತದೆ. ದಿನವೂ ಒಂದು ಗಂಟೆಗೆ ಮಲಗಿ ಎಂಟೂವರೆಗೆ ಏಳುವವನೊಬ್ಬನನ್ನು ತೆಗೆದುಕೋ. ನಾಳೆಯಿಂದ ನಾಲ್ಕೂವರೆಗೆ ಏಳುವೆ ಎಂದು ಸಂಕಲ್ಪ ಮಾಡಿ ಒಂಬತ್ತೂವರೆಗೇ ಮಲಗಿದ. ನಿದ್ದೆ ಹತ್ತುವುದಿಲ್ಲ. ರೂಢಿಯ ನಿದ್ದೆಗೆ ಮುಂಚಿನ ಎರಡು ಮೂರು ತಾಸು ಇಡೀ ದಿನದಲ್ಲೇ ನಿದ್ದೆ ಬರಲು ಅತ್ಯಂತ ಕಷ್ಟದ ಹೊತ್ತು. ಇಸ್ರೇಲಿನ ಪೆರೆಟ್ಸ್ ಲಾವಿ 1986ರಲ್ಲಿ ಇದನ್ನು ನಿದ್ದೆಗೆ ನಿಷಿದ್ಧವಾದ ವಲಯ ಎಂದು ಕರೆದರು. ಹಗಲೆಲ್ಲ ಕೂಡಿಬಂದ ಆಯಾಸವನ್ನು ಎದುರಿಸಿ ನಮ್ಮನ್ನು ಎಚ್ಚರದಲ್ಲಿಡಲು ಗಡಿಯಾರ ಆ ಹೊತ್ತಿನಲ್ಲಿ ಗರಿಷ್ಠ ಒತ್ತಡ ಹಾಕುತ್ತದೆ, ಹಾಗಾಗಿ ರಾತ್ರಿ ಹತ್ತಕ್ಕೆ ಹೊಸ ಹುರುಪು ಬಂದಂತೆ ಅನ್ನಿಸುತ್ತದೆ. ಈ ಮನುಷ್ಯ ಹಾಸಿಗೆಯಲ್ಲಿ ಹೊರಳಾಡುತ್ತಾನೆ, ನಿದ್ದೆ ಬರಲಿಲ್ಲವೆಂದು ಗಾಬರಿ ಬೀಳುತ್ತಾನೆ, ಕೊನೆಗೆ ಫೋನು ಕೈಗೆತ್ತಿಕೊಳ್ಳುತ್ತಾನೆ.

ಆದರೂ ನಾಲ್ಕೂವರೆಗೆ ಹೇಗೋ ಎದ್ದ ಎನ್ನೋಣ. ಎದ್ದವನು ಪ್ರಖರವಾದ ದೀಪ ಹಾಕಿಕೊಂಡು ಕೂತ. ಇಲ್ಲೊಂದು ಸೂಕ್ಷ್ಮವಿದೆ. ನಮ್ಮ ಮೈಯ ಉಷ್ಣತೆ ದಿನದಲ್ಲಿ ಅತಿ ಕಡಿಮೆ ಮಟ್ಟಕ್ಕೆ ಇಳಿಯುವುದು ರೂಢಿಯಂತೆ ಏಳುವ ಹೊತ್ತಿಗೆ ಎರಡು ಮೂರು ತಾಸು ಮುಂಚೆ. ಇವನಿಗೆ ಅದು ಆರರ ಆಸುಪಾಸು. ಆ ತಳ ಮುಟ್ಟುವ ಮೊದಲು ಕಣ್ಣಿಗೆ ಬಿದ್ದ ಬೆಳಕು ಗಡಿಯಾರವನ್ನು ಇನ್ನಷ್ಟು ತಡ ಮಾಡುತ್ತದೆ. ಮುಟ್ಟಿದ ಮೇಲೆ ಬಿದ್ದ ಬೆಳಕು ಅದನ್ನು ಬೇಗದ ಕಡೆಗೆ ತರುತ್ತದೆ. ನಾಲ್ಕೂವರೆಯ ದೀಪ ಅವನ ಮೆದುಳಿಗೆ ಮುಂಜಾವಿನ ಬೆಳಕಾಗಿ ಕಾಣಿಸದು, ಮುಗಿಯದ ಸಂಜೆಯ ಬೆಳಕಾಗಿ ಕಾಣಿಸುತ್ತದೆ. ಒಂದೇ ಸಲಕ್ಕೆ ನಾಲ್ಕು ತಾಸು ಹಾರಲು ಹೋಗಿ, ನಾಳಿನ ನಿದ್ದೆಯನ್ನು ಇನ್ನೂ ತಡಮಾಡುವ ಕೆಲಸವನ್ನು ಅವನು ಕಷ್ಟಪಟ್ಟು ಮಾಡಿದಂತಾಯಿತು. ನಾಲ್ಕನೆಯ ದಿನ ಅಲಾರಾಂ ಸೋಲುವುದು ಈ ಕಾರಣಕ್ಕೆ.

ಅವನು ಮಾಡಬೇಕಾದದ್ದು ಬೇರೆ. ಮೊದಲು ಎಂಟಕ್ಕೆ ಏಳಲಿ, ಎದ್ದ ಕೂಡಲೇ ಕಾಫಿ ಲೋಟ ಹಿಡಿದು ತಾರಸಿಗೋ ಬೀದಿಗೋ ಹೋಗಿ ಅರ್ಧ ಗಂಟೆ ಇರಲಿ. ಮನೆಯೊಳಗಿನ ದೀಪ ಸಾಮಾನ್ಯವಾಗಿ ನೂರಿನ್ನೂರು ಲಕ್ಸ್ ಬೆಳಕು ಕೊಡುತ್ತದೆ. ಮೋಡ ಮುಚ್ಚಿದ ದಿನವೂ ಹೊರಗೆ ಹಲವು ಸಾವಿರ ಇರುತ್ತದೆ. ಕಿಟಕಿಯ ಪಕ್ಕ ಕೂತರೆ ಆಗದೇ ಎಂದು ಕೇಳುವವರಿಗೆ ಉತ್ತರ ಈ ಅಂಕಿಯಲ್ಲೇ ಇದೆ. ಎರಡು ಮೂರು ದಿನಕ್ಕೊಮ್ಮೆ ಏಳುವುದನ್ನು ಅರ್ಧ ಗಂಟೆ ಮುಂಚೆ ಮಾಡುತ್ತ ಬಂದರೆ ತಳವೂ ಅದರ ಜೊತೆಗೇ ಮುಂಚೆಗೆ ಸರಿಯುತ್ತದೆ, ಬೆಳಕು ಪ್ರತಿ ಸಲವೂ ಸರಿಯಾದ ಬದಿಯಲ್ಲೇ ಬೀಳುತ್ತದೆ. ಎಂಟೂವರೆಯಿಂದ ಐದೂವರೆಗೆ ಬರಲು ಆರು ಮೆಟ್ಟಿಲು, ಎರಡರಿಂದ ಮೂರು ವಾರ. ಕೊನೆಯ ಮೆಟ್ಟಿಲುಗಳಲ್ಲಿ ಇನ್ನೂ ಕತ್ತಲಿರುತ್ತದೆ, ಆಗ ಮನೆಯ ದೀಪಗಳನ್ನೆಲ್ಲ ಹಾಕಿಕೊಂಡು, ಬೆಳಕು ಹರಿದ ಮೇಲೆ ಹೊರಗೆ ಹೋಗಬೇಕು. ಭಾನುವಾರ ಅಂತ ಹತ್ತರವರೆಗೆ ಮಲಗಿದರೆ ಬೆಳಗಿನ ಬೆಳಕು ತಪ್ಪುತ್ತದೆ, ಗಳಿಸಿದ್ದರಲ್ಲಿ ಒಂದು ಪಾಲು ಹೋಗುತ್ತದೆ.

— ಕೇಳಲು ಚೆನ್ನಾಗಿದೆ. ಆದರೆ ಗುಹೆಯಲ್ಲಿ, ಪ್ರಯೋಗಾಲಯದಲ್ಲಿ ನಡೆದದ್ದು ಮನೆ, ಕೆಲಸ, ಓಡಾಟ ಇರುವವರಿಗೆ ಆಗುತ್ತದೆ ಅಂತ ಹೇಗೆ ನಂಬುವುದು?

— ಈ ಪ್ರಶ್ನೆಯನ್ನು ಪರೀಕ್ಷೆಗೆ ಒಡ್ಡಿದ್ದಾರೆ. 2019ರಲ್ಲಿ ಇಂಗ್ಲೆಂಡ್ ಮತ್ತು ಆಸ್ಟ್ರೇಲಿಯಾದ ಸಂಶೋಧಕರು, ರಾತ್ರಿ ಬಹಳ ತಡವಾಗಿ ಮಲಗುವ 22 ಜನರನ್ನು ಅವರವರ ಮನೆಯಲ್ಲೇ ಇಟ್ಟು ಮೂರು ವಾರ ಕೆಲವು ನಿಯಮ ಪಾಲಿಸಲು ಹೇಳಿದರು. ರೂಢಿಗಿಂತ ಎರಡು ಮೂರು ತಾಸು ಮುಂಚೆ ಎದ್ದು ಹೊರಗಿನ ಬೆಳಕಿಗೆ ಹೋಗುವುದು, ಅಷ್ಟೇ ಮುಂಚೆ ಮಲಗುವುದು, ಸಂಜೆ ಬೆಳಕನ್ನು ಕಡಿಮೆ ಮಾಡುವುದು, ರಜೆಯ ದಿನವೂ ಅದೇ ಹೊತ್ತು, ಎದ್ದ ಸ್ವಲ್ಪ ಹೊತ್ತಿಗೇ ತಿಂಡಿ, ಮಧ್ಯಾಹ್ನ ಮೂರರ ಮೇಲೆ ಕಾಫಿ ಇಲ್ಲ, ಸಂಜೆ ಏಳರ ಮೇಲೆ ಊಟ ಇಲ್ಲ. ಮೂರು ವಾರದ ಕೊನೆಗೆ ಅವರ ದೇಹದ ಗಡಿಯಾರ ಸುಮಾರು ಎರಡು ತಾಸು ಮುಂಚೆ ಬಂದಿತ್ತು, ನಿದ್ದೆಯ ಒಟ್ಟು ಅವಧಿ ಕಡಿಮೆಯಾಗಿರಲಿಲ್ಲ, ಮನಸ್ಸಿನ ಖಿನ್ನತೆ ಮತ್ತು ಒತ್ತಡ ಇಳಿದಿದ್ದವು. ಇಪ್ಪತ್ತೆರಡು ದೊಡ್ಡ ಸಂಖ್ಯೆಯಲ್ಲ, ಒಪ್ಪುತ್ತೇನೆ. ಆದರೆ ಇನ್ನೊಂದು ದಿಕ್ಕಿನಿಂದ ಬಂದ ಸಾಕ್ಷ್ಯವೂ ಇದಕ್ಕೇ ಹೊಂದುತ್ತದೆ. ಅಮೆರಿಕದ ಕೊಲರಾಡೊದಲ್ಲಿ ಕೆನೆತ್ ರೈಟ್ ಎಂಬವರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಗುಂಪನ್ನು ವಾರದ ಮಟ್ಟಿಗೆ ಬೆಟ್ಟದ ಬಯಲಲ್ಲಿ ಡೇರೆ ಹಾಕಿ ಇರಿಸಿದ್ದರು. ಸೂರ್ಯ ಮತ್ತು ಶಿಬಿರದ ಬೆಂಕಿ ಬಿಟ್ಟರೆ ಬೇರೆ ಬೆಳಕಿಲ್ಲ, ಟಾರ್ಚೂ ಇಲ್ಲ. ಇಷ್ಟಕ್ಕೇ ಮಲಗು, ಇಷ್ಟಕ್ಕೇ ಏಳು ಎಂದು ಯಾರೂ ಹೇಳಲಿಲ್ಲ. ವಾರ ಕಳೆಯುವಷ್ಟರಲ್ಲಿ ಅವರ ಗಡಿಯಾರ ಎರಡು ತಾಸಿನ ಹತ್ತಿರ ಮುಂಚೆ ಸರಿದಿತ್ತು. ಅಲ್ಲಿ ಸಂಕಲ್ಪವೂ ಇರಲಿಲ್ಲ, ಛಲವೂ ಇರಲಿಲ್ಲ. ಹಗಲು ಬೆಳಕಾಗಿತ್ತು, ರಾತ್ರಿ ಕತ್ತಲಾಗಿತ್ತು.

— ಆದರೆ ಕೆಲವರು ಹುಟ್ಟಿನಿಂದಲೇ ಗೂಬೆಯ ಜಾತಿ, ಕೆಲವರು ಕೋಳಿಯ ಜಾತಿ ಅನ್ನುವುದೂ ವಿಜ್ಞಾನವೇ ಅಲ್ಲವೆ? ರಕ್ತದಲ್ಲಿ ಇರುವುದನ್ನು ದೀಪ ಆರಿಸಿ ಬದಲಿಸಲು ಆಗುತ್ತದೆಯೇ?

— ರಕ್ತದಲ್ಲಿ ಇರುವುದು ನಿಜ, ಅದರ ಒಳ್ಳೆಯ ಪುರಾವೆ ನಮ್ಮ ಜಕ್ಕೂರಿನಲ್ಲೇ ಇದೆ. ವಿಜಯ್ ಕುಮಾರ್ ಶರ್ಮ ಅವರ ತಂಡ ಅಲ್ಲಿ ಹಣ್ಣುನೊಣಗಳನ್ನು ಎರಡು ಬಗೆಯಾಗಿ ಸಾಕಿತು. ಗೂಡಿನಿಂದ ಬೆಳಿಗ್ಗೆ ಹೊರಬಂದವುಗಳನ್ನು ಮಾತ್ರ ಆರಿಸಿ ಒಂದು ಸಂತತಿ, ಸಂಜೆ ಬಂದವುಗಳನ್ನು ಆರಿಸಿ ಇನ್ನೊಂದು ಸಂತತಿ. ಹೀಗೆ ಎಷ್ಟೋ ತಲೆಮಾರು ನಡೆಸಿದ ಮೇಲೆ ಬೆಳಗಿನ ಸಂತತಿಯ ಗಡಿಯಾರ ಚುರುಕಾಯಿತು, ಸಂಜೆಯ ಸಂತತಿಯದು ನಿಧಾನವಾಯಿತು. ಹೊತ್ತಿನ ಸ್ವಭಾವ ವಂಶದಲ್ಲಿ ಇಳಿದು ಬರುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದದ್ದು ಬೇಡ. ಮನುಷ್ಯರಲ್ಲೂ ಅಪರೂಪದ ಕೆಲವು ಮನೆತನಗಳಲ್ಲಿ ಒಂದೇ ಒಂದು ವಂಶವಾಹಿಯ ಬದಲಾವಣೆಯಿಂದ ಜನ ಸಂಜೆ ಏಳೂವರೆಗೇ ನಿದ್ದೆಗೆ ಜಾರುತ್ತಾರೆ, ನಡುರಾತ್ರಿ ಕಳೆದು ಮೂರು ನಾಲ್ಕಕ್ಕೆ ತಾವಾಗಿ ಏಳುತ್ತಾರೆ. ಆದರೆ ಸಾಮಾನ್ಯರಲ್ಲಿ ಇದು ಎಷ್ಟು ದೂರ ಎಳೆಯುತ್ತದೆ ಅನ್ನುವುದನ್ನು ನೋಡಬೇಕು. ಸುಮಾರು 7 ಲಕ್ಷ ಜನರ ವಂಶವಾಹಿಗಳನ್ನು ಜಾಲಾಡಿದ 2019ರ ಅಧ್ಯಯನವೊಂದು ಹೊತ್ತಿನ ಸ್ವಭಾವಕ್ಕೆ ಸಂಬಂಧಿಸಿದ 351 ತಾಣಗಳನ್ನು ಗುರುತಿಸಿತು. ಬೆಳಗಿನ ಕಡೆಗೆ ವಾಲಿಸುವ ರೂಪಗಳು ಅತಿ ಹೆಚ್ಚಿದ್ದವರಿಗೂ ಅತಿ ಕಡಿಮೆ ಇದ್ದವರಿಗೂ ಮಲಗುವ ಹೊತ್ತಿನಲ್ಲಿ ಕಂಡ ವ್ಯತ್ಯಾಸ ಸುಮಾರು 25 ನಿಮಿಷ. ಅವಳಿಗಳ ಅಧ್ಯಯನಗಳು ವಂಶದ ಪಾಲು ಇದಕ್ಕಿಂತ ದೊಡ್ಡದು ಎನ್ನುತ್ತವೆ, ಹಾಗಾಗಿ ಈ ಇಪ್ಪತ್ತೈದು ನಿಮಿಷವೇ ಕಡೆಯ ಮಾತಲ್ಲ. ಆದರೂ ಡೇರೆಯಲ್ಲಿ ಮಲಗಿದವರಿಗೆ ಒಂದೇ ವಾರದಲ್ಲಿ ಎರಡು ತಾಸು ಸರಿದದ್ದನ್ನು ಇದರ ಪಕ್ಕದಲ್ಲಿಡು. ಆ ಶಿಬಿರದಲ್ಲಿ ಅತಿ ಹೆಚ್ಚು ಸರಿದವರು ತಡವಾಗಿ ಮಲಗುವ ಸ್ವಭಾವದವರೇ. ನಾವು ಗೂಬೆತನ ಎಂದು ಕರೆಯುವುದರಲ್ಲಿ ದೊಡ್ಡ ಪಾಲು ಟ್ಯೂಬ್‌ಲೈಟಿನ ಕೊಡುಗೆ. ಉಳಿದ ಪಾಲು ಸ್ವಭಾವದ್ದು, ಅದಕ್ಕೆ ಮರ್ಯಾದೆ ಕೊಡಬೇಕು. ಎಲ್ಲ ಸರಿಮಾಡಿಕೊಂಡ ಮೇಲೂ ಒಬ್ಬರ ದೇಹ ಏಳಕ್ಕೆ ನಿಲ್ಲುತ್ತದೆ ಎಂದಾದರೆ ಅವರಿಗೆ ಏಳೇ ಸರಿ. ಐದರಲ್ಲಿ ಪುಣ್ಯ, ಏಳರಲ್ಲಿ ಪಾಪ ಎಂಬ ಲೆಕ್ಕ ಎಲ್ಲಿಯೂ ಇಲ್ಲ.

— ಇಲ್ಲ ಅಂತ ಹೇಗೆ ಹೇಳುತ್ತೀರಿ ಮೇಡಂ? ಬ್ರಾಹ್ಮೀ ಮುಹೂರ್ತ ಅಂತ ಸಾವಿರಾರು ವರ್ಷದಿಂದ ಹೇಳಿಕೊಂಡು ಬಂದಿದ್ದಾರೆ. ಹಿಂದಿನವರಿಗೆ ಲಕ್ಸೂ ಗೊತ್ತಿರಲಿಲ್ಲ, ನರಕೋಶವೂ ಗೊತ್ತಿರಲಿಲ್ಲ, ಆದರೂ ಏಳುತ್ತಿದ್ದರು.

— ಹಿಂದಿನವರ ಮಾತನ್ನು ಪೂರ್ತಿಯಾಗಿ ತೆಗೆದುಕೊಂಡರೆ ಅದು ನನ್ನ ವಾದಕ್ಕೇ ಬಲ ಕೊಡುತ್ತದೆ. ಮುಹೂರ್ತ ಎಂದರೆ 48 ನಿಮಿಷ. ಬ್ರಾಹ್ಮೀ ಮುಹೂರ್ತ ಸೂರ್ಯೋದಯಕ್ಕೆ 96 ನಿಮಿಷ ಮುಂಚೆ ಶುರುವಾಗಿ 48 ನಿಮಿಷ ಮುಂಚೆ ಮುಗಿಯುತ್ತದೆ. ಅದನ್ನು ಕಟ್ಟಿರುವುದು ಸೂರ್ಯನಿಗೆ, ಗೋಡೆ ಗಡಿಯಾರದ ಯಾವುದೋ ಒಂದು ಅಂಕಿಗೆ ಕಟ್ಟಿಲ್ಲ. ಬೆಂಗಳೂರಿನಲ್ಲಿ ಮೇ ಕೊನೆಗೆ ಸೂರ್ಯ ಆರಕ್ಕೆ ಮುಂಚೆಯೇ ಹುಟ್ಟುತ್ತಾನೆ, ಜನವರಿ ಕೊನೆಗೆ ಆರೂ ಮುಕ್ಕಾಲಾಗುತ್ತದೆ. ಹಾಗಾಗಿ ಈ ಮುಹೂರ್ತ ಒಮ್ಮೆ ನಾಲ್ಕೂಕಾಲಿಗೆ ಶುರುವಾದರೆ ಇನ್ನೊಮ್ಮೆ ಐದು ಕಳೆದ ಮೇಲೆ. ಚಳಿಗಾಲದಲ್ಲಿ ಮುಕ್ಕಾಲು ಗಂಟೆಗೂ ಹೆಚ್ಚು ತಡವಾಗಿ ಏಳಲು ಶಾಸ್ತ್ರವೇ ಅವಕಾಶ ಕೊಟ್ಟಿದೆ; ನಾಲ್ಕಕ್ಕೇ ಏಳು ಎಂದು ವರ್ಷವಿಡೀ ಒಂದೇ ಅಂಕಿ ಹಿಡಿದು ಬೋಧಿಸುವವರು ಅದನ್ನು ನೋಡುವುದಿಲ್ಲ. ವಾಗ್ಭಟನ ಅಷ್ಟಾಂಗಹೃದಯದ ದಿನಚರ್ಯೆಯ ಅಧ್ಯಾಯವೂ ಆ ಮುಹೂರ್ತದಲ್ಲಿ ಏಳಲು ಹೇಳುವುದು ಸ್ವಸ್ಥನಾದವನಿಗೆ. ಆರೋಗ್ಯ ಕೆಟ್ಟವರಿಗೆ, ನಿದ್ದೆ ಸಾಲದವರಿಗೆ ಹೊರಿಸಿದ ಶಿಕ್ಷೆಯಾಗಿ ಅದನ್ನು ಓದಬಾರದು. ಇನ್ನು, ಹಿಂದಿನವರು ಹೇಗೆ ಎದ್ದರು ಅನ್ನುವುದಕ್ಕೆ ಅವರ ಸಂಜೆಯನ್ನು ನೋಡು. ಶಿವನಸಮುದ್ರದಲ್ಲಿ ವಿದ್ಯುತ್ ಹುಟ್ಟಿದ್ದು 1902ರಲ್ಲಿ, ಅದು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಹಳ್ಳಿಗಳಿಗೆ ಬರಲು ಇನ್ನೂ ಎಷ್ಟೋ ದಶಕ ಬೇಕಾಯಿತು. ಅಲ್ಲಿಯವರೆಗೆ ರಾತ್ರಿ ಎಂದರೆ ಬುಡ್ಡಿದೀಪ, ಒಲೆಯ ಕೆಂಡ, ಎಣ್ಣೆ ಉಳಿಸಬೇಕೆಂಬ ಎಚ್ಚರ. ಕತ್ತಲು ಬೀಳುತ್ತಲೇ ಮಲಗಿಬಿಡುತ್ತಿದ್ದರು ಎಂದು ಊಹಿಸುವುದೂ ಬೇಡ. ತಾಂಜಾನಿಯ, ನಮೀಬಿಯ, ಬೊಲಿವಿಯಗಳಲ್ಲಿ ವಿದ್ಯುತ್ತಿಲ್ಲದೆ ಬದುಕುತ್ತಿದ್ದ ಮೂರು ಸಮುದಾಯಗಳ ನಿದ್ದೆಯನ್ನು ಅಳೆದ 2015ರ ಅಧ್ಯಯನದಲ್ಲಿ, ಸೂರ್ಯ ಮುಳುಗಿ ಸರಾಸರಿ ಮೂರು ತಾಸಿನ ಮೇಲೆಯೇ ಅವರು ಮಲಗುತ್ತಿದ್ದರು ಎಂದು ಗೊತ್ತಾಯಿತು. ಮಾತು, ಕಥೆ, ಅಡುಗೆ ಎಲ್ಲ ನಡೆಯುತ್ತಿತ್ತು. ಆದರೆ ನಡೆದದ್ದು ಮಂದ ಬೆಳಕಿನಲ್ಲಿ. ಬಹಳಷ್ಟು ದಿನ ಅವರು ಏಳುತ್ತಿದ್ದುದು ಸೂರ್ಯ ಹುಟ್ಟುವ ಮುಂಚೆ.

— ಸಂಜೆ ಮಂದ ಬೆಳಕು ಎಂದರೆ ಫೋನು ದೂರ ಇಡುವುದು ತಾನೆ? ಅದನ್ನು ಎಲ್ಲರೂ ಕೇಳಿಯೇ ಇದ್ದಾರೆ.

— ಫೋನಿನ ಮೇಲೆ ಎಲ್ಲ ತಪ್ಪನ್ನೂ ಹೊರಿಸಿ ಸೂರಿನ ದೀಪವನ್ನು ಮರೆತಿದ್ದೇವೆ. ಮಲಗುವ ಮುಂಚಿನ ನಾಲ್ಕು ತಾಸು ಬೆಳಗುವ ಪರದೆಯ ಮೇಲೆ ಪುಸ್ತಕ ಓದಿದವರಿಗೆ, ಕಾಗದದ ಪುಸ್ತಕ ಓದಿದವರಿಗಿಂತ ನಿದ್ದೆ ಹತ್ತಲು ಹೆಚ್ಚು ಬೇಕಾದದ್ದು ಸುಮಾರು ಹತ್ತು ನಿಮಿಷ. ಗಡಿಯಾರ ಮಾತ್ರ ಐದು ದಿನದಲ್ಲಿ ಒಂದೂವರೆ ತಾಸು ತಡವಾಗಿತ್ತು. ಇನ್ನೊಂದು ಅಧ್ಯಯನದಲ್ಲಿ, ಮಲಗುವವರೆಗೂ ಕೋಣೆಯಲ್ಲಿ ಸಾಮಾನ್ಯ ದೀಪ ಉರಿಯುತ್ತಿದ್ದರೆ ರಾತ್ರಿಯ ರಸವಾದ ಮೆಲಟೋನಿನ್ ಹರಿಯುವ ಅವಧಿ ಸುಮಾರು ತೊಂಬತ್ತು ನಿಮಿಷ ಮೊಟಕಾಗುತ್ತದೆ ಎಂದು ಕಂಡುಬಂತು. ನಮ್ಮ ನಡುಮನೆಯ ಬಿಳಿ ಎಲ್‌ಇಡಿ ಪಟ್ಟಿ ರಾತ್ರಿ ಹನ್ನೊಂದರವರೆಗೆ ಉರಿಯುತ್ತದೆ. ಎಂಟರ ಮೇಲೆ ಅದನ್ನು ಆರಿಸಿ, ಮೂಲೆಯಲ್ಲಿ ಸೊಂಟದೆತ್ತರಕ್ಕೆ ಒಂದು ಹಳದಿ ಬಲ್ಬು ಹಾಕಿದರೆ ಊಟಕ್ಕೂ ಮಾತಿಗೂ ಸಾಕು. ಕಾಫಿಯ ಮಾತೂ ಅಷ್ಟೆ: ಕುಡಿದದ್ದರಲ್ಲಿ ಅರ್ಧ ರಕ್ತದಿಂದ ಇಳಿಯಲು ಐದಾರು ತಾಸು ಬೇಕು, ಸಂಜೆ ಆರರ ಡಿಕಾಕ್ಷನ್ ಹನ್ನೊಂದಕ್ಕೂ ಅರ್ಧ ಉಳಿದಿರುತ್ತದೆ. ತಡವಾದ ಊಟ ಬೇರೆ ರೀತಿಯಲ್ಲಿ ಕೆಡಿಸುತ್ತದೆ. ಬ್ರಿಟನ್ನಿನ ಒಂದು ಪ್ರಯೋಗದಲ್ಲಿ ಊಟಗಳನ್ನೆಲ್ಲ ಐದು ತಾಸು ಮುಂದೂಡಿದಾಗ ಮೆದುಳಿನ ಗಡಿಯಾರ ಅಲುಗಲಿಲ್ಲ, ರಕ್ತದ ಸಕ್ಕರೆಯ ಲಯ ಮಾತ್ರ ಐದು ತಾಸಿಗೂ ಹೆಚ್ಚು ತಡವಾಯಿತು. ಅಂದರೆ ಒಂದೇ ದೇಹದಲ್ಲಿ ತಲೆ ಒಂದು ಹೊತ್ತು ಹೇಳುತ್ತದೆ, ಉಳಿದ ಅಂಗಗಳು ಇನ್ನೊಂದು ಹೊತ್ತು ಹೇಳುತ್ತವೆ.

— ದೀಪ, ಊಟ ಸರಿ. ಆದರೆ ನಮ್ಮ ಮನೆಗಳಲ್ಲಿ ಹೆಂಗಸರು ಯಾವ ನಿಯಮವೂ ಇಲ್ಲದೆ ಐದಕ್ಕೆ ಏಳುತ್ತಲೇ ಇದ್ದಾರಲ್ಲ. ಅವರ ಸಂಜೆಯನ್ನು ಯಾರೂ ಸರಿಮಾಡಿಕೊಟ್ಟಿಲ್ಲ.

— ಅದಕ್ಕೇ ಇದು ಮನೆಯ ವಿಷಯ ಎಂದು ಮೊದಲೇ ಹೇಳಿದೆ. ಎಲ್ಲರಿಗೂ ಬಡಿಸಿ, ಕೊನೆಗೆ ತಾನು ಉಂಡು, ಪಾತ್ರೆ ತೊಳೆದು, ಅಡುಗೆಮನೆಯ ಕಟ್ಟೆ ಒರೆಸಿ, ಹಾಲಿಗೆ ಹೆಪ್ಪು ಹಾಕಿ, ನಾಳೆಗೆ ಉದ್ದು ನೆನೆಸಿ ಅಥವಾ ರುಬ್ಬಿಟ್ಟು, ಹನ್ನೊಂದೂವರೆಗೆ ಮಲಗುವವಳು ಐದಕ್ಕೆ ಏಳುತ್ತಾಳೆ. ಅವಳನ್ನು ಬೇಗ ಏಳುವ ಶಿಸ್ತಿಗೆ ಮಾದರಿ ಎಂದು ಹೊಗಳುವುದು ಅನ್ಯಾಯ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ ಎಂದಿದೆ; ಆ ಕೆಲಸಕ್ಕೆ ಕೈಹಾಕುವ ಗಂಡಸರು ಕೊಡುವುದು 97 ನಿಮಿಷ. ಇವಳಿಗೆ ಹೀಗೇ ಅಭ್ಯಾಸವಾಗಿದೆ, ಐದೂವರೆ ತಾಸಿನ ನಿದ್ದೆ ಸಾಕು ಎಂದು ಮನೆಯವರು ಅಂದುಕೊಳ್ಳುತ್ತಾರೆ, ಎಷ್ಟೋ ಸಲ ಅವಳೂ ಅಂದುಕೊಳ್ಳುತ್ತಾಳೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ 2003ರ ಪ್ರಯೋಗ ಈ ನಂಬಿಕೆಯ ಬುಡವನ್ನೇ ಅಲುಗಿಸಿತು. ಎರಡು ವಾರ ದಿನಕ್ಕೆ ಆರು ತಾಸು ಅಥವಾ ಅದಕ್ಕಿಂತ ಕಡಿಮೆ ನಿದ್ದೆ ಮಾಡಿದವರ ಗಮನಶಕ್ತಿ, ಒಂದೆರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಇಳಿದಿತ್ತು. ಅವರನ್ನೇ ಕೇಳಿದರೆ ಸ್ವಲ್ಪ ತೂಕಡಿಕೆ ಇದೆ ಅಷ್ಟೆ ಎನ್ನುತ್ತಿದ್ದರು. ದಿನೇ ದಿನೇ ಕುಸಿಯುತ್ತಿರುವುದು ಕುಸಿಯುತ್ತಿರುವವರಿಗೇ ತಿಳಿಯಲಿಲ್ಲ. ಆದ್ದರಿಂದ ಗಂಡ ಐದಕ್ಕೆ ಎದ್ದು ಓಡಲು ಹೋಗಬೇಕು ಎಂದು ಬಯಸಿದರೆ ಅವನ ಮೊದಲ ಕೆಲಸ ಎಂಟು ಗಂಟೆಯ ಅಡುಗೆಮನೆಯಲ್ಲಿದೆ. ಇಬ್ಬರೂ ಕೈಹಾಕಿದರೆ ಒಂಬತ್ತಕ್ಕೆ ಮುಗಿಯುವ ಕೆಲಸವನ್ನು ಒಬ್ಬಳ ಮೇಲೆ ಬಿಟ್ಟು, ಅವಳು ಗದ್ದಲ ಮಾಡದೆ ಪಾತ್ರೆ ತೊಳೆಯುತ್ತಿರುವಾಗ ತಾನು ನಿದ್ದೆಗೆ ಹೋಗುವುದನ್ನು ಶಿಸ್ತು ಎನ್ನಲು ನನಗೆ ಮನಸ್ಸಾಗುವುದಿಲ್ಲ.

— ಮಕ್ಕಳ ವಿಷಯ ಏನು? ಬೆಳಗಿನ ಜಾವ ಓದಿದ್ದು ತಲೆಯಲ್ಲಿ ನಿಲ್ಲುತ್ತದೆ ಅಂತ ಪಿಯುಸಿ ಹುಡುಗರನ್ನು ನಾಲ್ಕಕ್ಕೆ ಎಬ್ಬಿಸುತ್ತಾರೆ. ನಿಶ್ಶಬ್ದ ಇರುತ್ತದೆ, ಮನಸ್ಸು ತಿಳಿಯಾಗಿರುತ್ತದೆ ಅನ್ನುವುದು ಸುಳ್ಳಲ್ಲವಲ್ಲ?

— ನಿಶ್ಶಬ್ದ ಇರುವುದು ನಿಜ. ಎಂಟು ತಾಸು ಮಲಗಿ ಎದ್ದವನಿಗೆ ಮನಸ್ಸು ತಿಳಿಯಾಗಿರುವುದೂ ನಿಜ. ಆದರೆ ಹದಿಹರೆಯದ ದೇಹದಲ್ಲಿ ಗಡಿಯಾರ ತಾನಾಗಿಯೇ ತಡವಾಗುತ್ತದೆ. ಜರ್ಮನಿಯ ಟಿಲ್ ರೊಯೆನ್‌ಬರ್ಗ್ ಸಾವಿರಾರು ಜನರ ಮಾಹಿತಿ ಕೂಡಿಸಿ, ಇಪ್ಪತ್ತರ ಆಸುಪಾಸಿನವರೆಗೆ ಮಲಗುವ ಹೊತ್ತು ತಡವಾಗುತ್ತ ಹೋಗಿ ಆಮೇಲೆ ನಿಧಾನವಾಗಿ ಮುಂಚೆಗೆ ಮರಳುತ್ತದೆ ಎಂದು ತೋರಿಸಿದ್ದಾರೆ. ಹದಿನೇಳರ ಹುಡುಗ ಹನ್ನೊಂದರವರೆಗೆ ಎಚ್ಚರವಾಗಿರುವುದು ಅವಿಧೇಯತೆಯಲ್ಲ, ವಯಸ್ಸಿನ ಸಹಜ ಕ್ರಮ. ಅವನನ್ನು ನಾಲ್ಕಕ್ಕೆ ಎಬ್ಬಿಸಿದರೆ ಕತ್ತರಿ ಬೀಳುವುದು ರಾತ್ರಿಯ ಕೊನೆಯ ಪಾಲಿಗೆ. ಕನಸಿನ ನಿದ್ದೆ ಹೆಚ್ಚಾಗಿ ಇರುವುದು ಆ ಪಾಲಿನಲ್ಲೇ. ಓದಿದ್ದು ನೆನಪಾಗಿ ನೆಲೆನಿಲ್ಲುವ ಕೆಲಸ ನಡೆಯುವುದು ನಿದ್ದೆಯಲ್ಲಿ; ನಾಲ್ಕಕ್ಕೆ ಓದಿಸಲು ಹೋಗಿ ನಿನ್ನೆ ಓದಿದ್ದನ್ನು ಕಳೆಯುತ್ತೇವೆ. ಅಮೆರಿಕದ ಸಿಯಾಟಲ್ ನಗರ 2016ರಲ್ಲಿ ಪ್ರೌಢಶಾಲೆಗಳ ಆರಂಭವನ್ನು 7.50ರಿಂದ 8.45ಕ್ಕೆ ಬದಲಿಸಿದಾಗ ಮಕ್ಕಳ ನಿದ್ದೆ 34 ನಿಮಿಷ ಹೆಚ್ಚಿತು. ಅವರು ಇನ್ನೂ ತಡವಾಗಿ ಮಲಗುತ್ತಾರೆ ಎಂದು ಹೆದರಿದ್ದವರ ಊಹೆ ನಿಜವಾಗಲಿಲ್ಲ. ನಮ್ಮ ಕೋಚಿಂಗ್‌ಗಳು ಬೆಳಗಿನ ಐದೂವರೆಗೆ ತರಗತಿ ಇಟ್ಟು ಅದನ್ನೇ ಹೆಮ್ಮೆಯಿಂದ ಫಲಕದಲ್ಲಿ ಹಾಕುತ್ತವೆ. ಪೋಷಕರು ಅಲ್ಲಿ ಶುಲ್ಕ ಕಟ್ಟುವ ಮುಂಚೆ ಮಗ ಎಷ್ಟಕ್ಕೆ ಮಲಗುತ್ತಾನೆ ಎಂದು ಲೆಕ್ಕ ಹಾಕಲಿ. ಹತ್ತಕ್ಕೆ ನಿಜವಾಗಿಯೂ ನಿದ್ದೆ ಹತ್ತುವ ಮಗುವಿದ್ದರೆ ಆರಕ್ಕೆ ಏಳಲಿ, ಸಂತೋಷ. ಹನ್ನೊಂದೂವರೆಗೆ ಮಲಗುವ ಮಗುವನ್ನು ನಾಲ್ಕಕ್ಕೆ ಎಬ್ಬಿಸುವ ಹಕ್ಕು ಯಾವ ರ‍್ಯಾಂಕಿಗೂ ಇಲ್ಲ.

— ಕೊನೆಗೊಂದು ಪ್ರಶ್ನೆ. ಇಲ್ಲಿ ಎಷ್ಟೋ ಜನರಿಗೆ ರಾತ್ರಿ ಒಂಬತ್ತೂವರೆಗೆ ಅಮೆರಿಕದವರ ಜೊತೆ ಕರೆ ಇರುತ್ತದೆ. ಹೊರಗಿನವರು ಹಿಡಿದುಕೊಂಡ ಸಂಜೆಯನ್ನು ನಾವು ಸರಿಮಾಡುವುದು ಹೇಗೆ? ಆ ಕರೆ ಬಿಡುವ ಹಾಗಿಲ್ಲ.

— ಬಿಡುವ ಹಾಗಿಲ್ಲದಿದ್ದರೆ ಐದರ ಆಸೆಯನ್ನು ಬಿಡಬೇಕು, ಇದನ್ನು ಸ್ಪಷ್ಟವಾಗಿಯೇ ಹೇಳುತ್ತೇನೆ. ಹತ್ತೂವರೆಗೆ ಕರೆ ಮುಗಿದರೆ ತಲೆ ಆರಲು ಒಂದು ತಾಸು ಬೇಕು, ಹನ್ನೊಂದೂವರೆಗೆ ನಿದ್ದೆ, ಏಳಕ್ಕೆ ಏಳುವುದು. ವಾರಪೂರ್ತಿ, ಭಾನುವಾರ ಸೇರಿ, ಅದೇ ಏಳು ಗಂಟೆಯನ್ನು ಹಿಡಿದುಕೊಂಡರೆ, ಎದ್ದ ಮೇಲೆ ಅರ್ಧ ಗಂಟೆ ಹೊರಗಿದ್ದರೆ, ಅದು ಪೂರ್ತಿ ಆರೋಗ್ಯವಾದ ನಿದ್ದೆ. ಕರೆ ವಾರಕ್ಕೆರಡೇ ದಿನ ಇದ್ದವರು ಉಳಿದ ದಿನ ಒಂಬತ್ತೂವರೆಗೆ ಮಲಗಿ ಐದಕ್ಕೆ ಏಳಲು ಹೋಗುತ್ತಾರೆ, ಆ ಎಳೆದಾಟ ದೇಹಕ್ಕೆ ಪ್ರತಿ ವಾರವೂ ಬೇರೆ ದೇಶಕ್ಕೆ ಹೋಗಿ ಬಂದಂತೆ. ಇನ್ನೊಂದನ್ನು ಕಚೇರಿಯಲ್ಲಿ ಮಾತಾಡಿ ಬಗೆಹರಿಸಿಕೊಳ್ಳಬೇಕು. ನ್ಯೂಯಾರ್ಕಿನ ಮಧ್ಯಾಹ್ನ ಹನ್ನೆರಡು ಬೇಸಿಗೆಯಲ್ಲಿ ನಮಗೆ ರಾತ್ರಿ ಒಂಬತ್ತೂವರೆ. ನವೆಂಬರ್‌ನ ಮೊದಲ ಭಾನುವಾರ ಅಲ್ಲಿಯವರು ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ ಅದೇ ಹನ್ನೆರಡು ನಮಗೆ ಹತ್ತೂವರೆಯಾಗುತ್ತದೆ, ಮಾರ್ಚ್‌ವರೆಗೂ ಹಾಗೇ ಇರುತ್ತದೆ. ಅಲ್ಲಿಯವರು ತಮ್ಮ ಬೆಳಿಗ್ಗೆ ಒಂಬತ್ತಕ್ಕೆ ಆ ಮಾತುಕತೆ ಇಟ್ಟುಕೊಂಡರೆ ನಮ್ಮವರಿಗೆ ಚಳಿಗಾಲದಲ್ಲೂ ಏಳೂವರೆಗೆ ಅದು ಶುರುವಾಗುತ್ತದೆ. ಬಹಳ ತಂಡಗಳಲ್ಲಿ ಇದನ್ನು ಯಾರೂ ಕೇಳಿಯೇ ಇರುವುದಿಲ್ಲ. ಅಕ್ಟೋಬರ್ ಮುಗಿಯುವುದರೊಳಗೆ ಕೇಳಿ.